ಪರೀಕ್ಷೆ ವಾರದಲ್ಲಿ ಪ್ರಾಕ್ಟೀಸ್ ನಿಲ್ಲಿಸಬೇಕಾ?

ಪ್ರಶ್ನೆ: ಕಾಲೇಜು ಫುಟ್‌ಬಾಲ್ ತಂಡ ನೋಡ್ಕೋತೀನಿ. ಪರೀಕ್ಷೆ ಹತ್ತಿರ ಬಂದಾಗ ಹುಡುಗರ ಮೈ ದಣಿದಿರಲ್ಲ, ಆದ್ರೂ ಪಾಸ್ ತಪ್ಪುತ್ತೆ, ಕಾಲು ಉಳುಕುತ್ತೆ. ಪ್ರಾಕ್ಟೀಸ್ ನಿಲ್ಲಿಸಬೇಕಾ? ಗೊತ್ತಿರೋರು ಹೇಳಿ.

ಫಿಟ್‌ನೆಸ್ ಕೋಚ್: ನಿಲ್ಲಿಸಬೇಡಿ ಸರ್, ಬದಲಾಯಿಸಿ. ತಲೆ ದಣಿದರೆ ಅದೇ ವೇಗದ ಓಟ ಹೆಚ್ಚು ಕಷ್ಟ ಅನ್ನಿಸುತ್ತೆ. 2009ರಲ್ಲಿ ಸಂಶೋಧಕ ಮಾರ್ಕೋರಾ ಮತ್ತು ಸಂಗಡಿಗರು ಕೆಲವರಿಗೆ 90 ನಿಮಿಷ ಗಮನ ಬೇಡುವ ಕಂಪ್ಯೂಟರ್ ಕೆಲಸ ಕೊಟ್ಟು, ಆಮೇಲೆ ಸುಸ್ತಾಗೋವರೆಗೂ ಸೈಕಲ್ ತುಳಿಸಿದರು. ತಲೆ ಹಗುರಾಗಿದ್ದ ದಿನ ಸರಾಸರಿ 754 ಸೆಕೆಂಡ್ ತುಳಿದವರು ತಲೆ ದಣಿದ ದಿನ 640ಕ್ಕೇ ಬಿಟ್ಟರು. ಹೃದಯ, ಸ್ನಾಯು ಕೈಕೊಟ್ಟಿದ್ದಕ್ಕಲ್ಲ, ಸಾಕಪ್ಪ ಅನ್ನಿಸಿದ್ದು ಬೇಗ. ಒಂದೇ ನೆಗೆತ, ಗರಿಷ್ಠ ಭಾರ ಎತ್ತೋದು ಇವಕ್ಕೆ ಅಷ್ಟಾಗಿ ಪೆಟ್ಟು ಬೀಳಲ್ಲ. ಹಾಗಾಗಿ 'ಜಂಪ್ ಚೆನ್ನಾಗಿದೆ, ಆಡಿಸಬಹುದು' ಅಂತ ತೀರ್ಮಾನ ಮಾಡ್ಬೇಡಿ.

ಫಿಸಿಯೋ: ಗಾಯದ ಮಾತಿಗೆ ಬಂದರೆ, ನೋಡಬೇಕಾದ್ದು ದಿಕ್ಕು ಬದಲಿಸುವ ಕ್ಷಣ. ಎದುರಾಳಿ ಯಾವ ಕಡೆ ಹೋಗ್ತಾನೆ ಅನ್ನೋದು ಕಾಲು ನೆಲಕ್ಕೆ ತಾಗೋ ಸ್ವಲ್ಪ ಮುಂಚೆ ಗೊತ್ತಾದರೆ, ಸೊಂಟ ಮತ್ತು ತೊಡೆಯ ಸ್ನಾಯು ಬಿಗಿಯಾಗೋಕೆ ಸಮಯ ಸಾಲಲ್ಲ, ಮಂಡಿ ಒಳಕ್ಕೆ ವಾಲುತ್ತೆ. ತಲೆ ನಿಧಾನವಾದಷ್ಟೂ ಆ ಸಮಯ ಇನ್ನೂ ಕಿರಿದಾಗುತ್ತೆ. ಆದ್ದರಿಂದ ಸೀಟಿ ಅಥವಾ ಬಣ್ಣ ನೋಡಿ ತಿರುಗೋ ಡ್ರಿಲ್, ಕೊನೆಯ ಹತ್ತು ನಿಮಿಷದ ಒಬ್ಬರಿಗೊಬ್ಬರು ಟ್ಯಾಕಲ್ ಈ ವಾರ ಬೇಡ. ದಾರಿ ಮೊದಲೇ ಗೊತ್ತಿರೋ ಕೋನ್ ಓಟ ಇರಲಿ. ನಿದ್ದೆಯನ್ನೂ ಕೇಳಿ: 2014ರ ಒಂದು ಅಧ್ಯಯನದಲ್ಲಿ 8 ಗಂಟೆಗಿಂತ ಕಡಿಮೆ ಮಲಗುವ ಹದಿಹರೆಯದ ಆಟಗಾರರಿಗೆ ಗಾಯದ ಸಾಧ್ಯತೆ 1.7 ಪಟ್ಟು ಕಂಡಿತ್ತು. ಪರೀಕ್ಷೆ ಸಮಯದಲ್ಲಿ ತಲೆ ದಣಿವು ಯಾವುದು, ನಿದ್ದೆಗೇಡು ಯಾವುದು ಅಂತ ಬಿಡಿಸೋದು ಕಷ್ಟ, ಎರಡನ್ನೂ ಒಟ್ಟಿಗೇ ನೋಡಿ.

ಇನ್ನೊಬ್ಬ ಕೋಚ್: ಈ ಪ್ರಯೋಗಗಳಲ್ಲಿ ಹಲವು ಚಿಕ್ಕ ಗುಂಪಿನ ಮೇಲೆ ನಡೆದವು, ಅಂಕಿಗೆ ಜೋತು ಬೀಳೋದು ಬೇಡ. ನಿಮ್ಮ ಹುಡುಗರನ್ನೇ ಅಳೆಯಿರಿ. ವಾರ್ಮಪ್‌ಗೆ ಮುಂಚೆ 'ತಲೆ ಎಷ್ಟು ದಣಿದಿದೆ, 0ಯಿಂದ 10' ಅಂತ ಒಬ್ಬೊಬ್ಬರನ್ನೇ ಕೇಳಿ. ಗುಂಪಲ್ಲಿ ಕೇಳಿದರೆ ಎಲ್ಲರೂ 2 ಅಂತಾರೆ. ಜೊತೆಗೆ ಎಷ್ಟು ಬೇಗ ಪ್ರತಿಕ್ರಿಯಿಸ್ತಾರೆ ಅಂತ ಅಳೆಯೋಕೆ 30 ಸೆಂ.ಮೀ. ಸ್ಕೇಲ್: ಸೊನ್ನೆಯ ತುದಿ ಹೆಬ್ಬೆರಳು-ತೋರುಬೆರಳ ನಡುವೆ ಇರಲಿ, ಹೇಳದೆ ಬಿಡಿ, ಹಿಡಿದ ಜಾಗ ಬರೆದುಕೊಳ್ಳಿ. 20 ಸೆಂ.ಮೀ. ಅಂದರೆ ಸುಮಾರು 0.20 ಸೆಕೆಂಡ್. ಐದು ಸಲ ಮಾಡಿ, ಮೊದಲೆರಡು ಬಿಟ್ಟು ಸರಾಸರಿ ತೆಗೆಯಿರಿ. ಅವನದೇ ಮಾಮೂಲಿ ದಿನದ ಅಳತೆಗೆ ಹೋಲಿಸಬೇಕು, ಪಕ್ಕದವನದಕ್ಕಲ್ಲ.

ಪ್ರಶ್ನೆ ಕೇಳಿದವರು: ಕಾಫಿ ಕುಡಿಸಿದರೆ?

ಫಿಟ್‌ನೆಸ್ ಕೋಚ್: ತೂಕದ ಕೆಜಿಗೆ 3 ಮಿಲಿಗ್ರಾಂ ಕೆಫೀನ್, ಸುಮಾರು ಒಂದು ಗಂಟೆ ಮುಂಚೆ. ಬೆಳಗಿನ ಪಂದ್ಯಕ್ಕೆ ಸರಿ. ಸಂಜೆ ಪ್ರಾಕ್ಟೀಸ್‌ಗೆ ಕೊಟ್ಟರೆ ರಾತ್ರಿ ನಿದ್ದೆ ಹೋಗುತ್ತೆ, ಮರುದಿನ ಇನ್ನೂ ಕೆಟ್ಟದು. ಅದಕ್ಕಿಂತ ಮೈದಾನಕ್ಕಿಳಿಯೋ ಮುಂಚಿನ ಅರ್ಧ ಗಂಟೆ ಫೋನ್ ಕಸಿದುಕೊಳ್ಳಿ. 90 ನಿಮಿಷದ ಪ್ರಾಕ್ಟೀಸ್ 60ಕ್ಕೆ ಇಳಿಸಿ, ತಂತ್ರದ ಪಾಠ ವಾರ್ಮಪ್ ಆದ ತಕ್ಷಣ 15 ನಿಮಿಷದಲ್ಲಿ ಮುಗಿಸಿ, ಹೊಸ ಸೆಟ್‌ಪೀಸ್ (ಕಾರ್ನರ್, ಫ್ರೀಕಿಕ್‌ನ ಚಾಲ) ಪರೀಕ್ಷೆ ಮುಗಿದ ಮೇಲೆ ಹೇಳಿಕೊಡಿ.