ಜಿಐಎಸ್ (ಮ್ಯಾಪಿಂಗ್) ಸಾಫ್ಟ್‌ವೇರ್‌ಗೆ ಯಾವ ಲೈಸೆನ್ಸ್ ತಗೊಳ್ಳೋದು? ನೇಮ್ಡ್ ಯೂಸರ್, ಕಾಂಕರೆಂಟ್, ಓಪನ್ ಸೋರ್ಸ್ ಎಲ್ಲಾ ಕಲಸುಮೇಲೋಗರ ಆಗಿದೆ

ಗಡಿಕಲ್ಲು:

ಎಲ್ರಿಗೂ ನಮಸ್ಕಾರ. ಲೈಸೆನ್ಸ್ ವಿಷ್ಯದಲ್ಲಿ ತಲೆ ಕೆಟ್ಟೋಗಿದೆ, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ನಮ್ದು ಸಣ್ಣ ಮ್ಯಾಪಿಂಗ್ ಟೀಮು. ಪೈಪ್‌ಲೈನು, ರಸ್ತೆ, ಪ್ಲಾಟ್ ಗಡಿ ಇಂಥಾ ಲೇಯರ್‌ಗಳನ್ನ ಡಿಜಿಟೈಸ್ ಮಾಡಿ (ಚಿತ್ರದ ಮೇಲೆ ಗೆರೆ ಎಳೆದು ಡೇಟಾ ಮಾಡಿ) ಕ್ಲೈಂಟ್‌ಗೆ ಕೊಡೋದು ಕೆಲ್ಸ. ಇಲ್ಲಿವರ್ಗೂ ಎಸ್ರಿ ಕಂಪನಿಯ ಆರ್ಕ್‌ಮ್ಯಾಪ್‌ನಲ್ಲೇ ಕಾಲ ತಳ್ತಾ ಬಂದ್ವಿ, ಕಾಂಕರೆಂಟ್ ಲೈಸೆನ್ಸು (ಒಂದೇ ಹೊತ್ತಲ್ಲಿ ಇಷ್ಟೇ ಜನ ಅಂತ), ಸರ್ವರ್‌ನಲ್ಲಿ ಲೈಸೆನ್ಸ್ ಮ್ಯಾನೇಜರ್ ಕೂತಿರತ್ತೆ, ಬೆಳಿಗ್ಗೆ ಯಾರು ಮೊದ್ಲು ಓಪನ್ ಮಾಡ್ತಾರೋ ಅವ್ರ ಪುಣ್ಯ. ಆದ್ರೆ ಆರ್ಕ್‌ಮ್ಯಾಪ್ ಸಪೋರ್ಟು 2026ರ ಮಾರ್ಚ್ 1ಕ್ಕೇ ಮುಗೀತು ಅಂತ ಇಷ್ಟ್ ದಿನ ಮುಂದೂಡಿದ್ದನ್ನ ಈಗ ಮಾಡ್ಲೇಬೇಕು ಅಂತಿದಾರೆ ಮ್ಯಾನೇಜರ್ರು. ಸೇಲ್ಸ್‌ನೋರನ್ನ ಕೇಳಿದ್ರೆ ಎಲ್ರಿಗೂ ನೇಮ್ಡ್ ಯೂಸರ್ ತಗೊಳ್ಳಿ ಅಂತಾರೆ, ನಮ್ಮಲ್ಲೇ ಒಬ್ಬ ಹುಡ್ಗ ಇದಾನೆ ಅವ್ನು ಓಪನ್ ಸೋರ್ಸ್ ಮ್ಯಾಪಿಂಗ್ ಸಾಫ್ಟ್‌ವೇರ್ ಕ್ಯೂಜಿಐಎಸ್ ಹಾಕ್ಕೊಂಡ್ರೆ ಒಂದ್ ಪೈಸೆ ಬೇಡ ಅಂತಾನೆ, ಮ್ಯಾನೇಜರ್‌ಗೆ ಓಪನ್ ಸೋರ್ಸ್ ಅಂದ್ರೆ ಭಯ, ನಾವ್ ಮಾಡಿದ್ ಮ್ಯಾಪೆಲ್ಲಾ ಊರೋರಿಗೆ ಬಿಟ್ಟಿ ಕೊಡ್ಬೇಕಾಗತ್ತೆ ಅಂತ ಯಾರೋ ಕಿವಿ ಊದಿದಾರೆ.

ಎಲ್ರೂ ದಿನವಿಡೀ ಎಡಿಟಿಂಗ್ ಮಾಡಲ್ಲ. ಮೂರ್ನಾಲ್ಕು ಜನ ಮಾತ್ರ ನಿಜವಾದ ಕೆಲ್ಸ, ಉಳ್ದೋರು ತೆಗೆದು ನೋಡಿ ಒಂದು ಪಿಡಿಎಫ್ ಹೊಡ್ಕೊಂಡು ಹೋಗೋರು. ಮುಂದಕ್ಕೆ ಕ್ಲೈಂಟ್‌ಗೆ ಒಂದು ವೆಬ್ ಮ್ಯಾಪ್ ಕೂಡ ಮಾಡ್ಕೊಡೋ ಪ್ಲಾನ್ ಇದೆ. ಏನ್ಮಾಡೋದು?

ಲೇಯರ್_ಮೇಲ್_ಲೇಯರ್:

ಸೇಲ್ಸ್‌ನೋರ ಮಾತು ಪಕ್ಕಕ್ಕಿಡಿ, ಮೊದ್ಲು ನಿಮ್ ಲೈಸೆನ್ಸ್ ಮ್ಯಾನೇಜರ್ ಲಾಗ್ ಫೈಲ್ ತೆಗೀರಿ. ನಿಮಗ್ ಬೇಕಾಗಿರೋ ಉತ್ತರ ಅರ್ಧ ಅದ್ರಲ್ಲೇ ಇದೆ, ಯಾರೂ ಅದನ್ನ ತೆಗೆದು ನೋಡಲ್ಲ ಅಷ್ಟೇ. ಅದು ಬರೀ ಟೆಕ್ಸ್ಟ್ ಫೈಲು, ನೋಟ್‌ಪ್ಯಾಡಲ್ಲೇ ಓಪನ್ ಆಗತ್ತೆ. ಯಾರಾದ್ರೂ ಲೈಸೆನ್ಸ್ ಎತ್ಕೊಂಡಾಗ ಔಟ್ ಅಂತ ಒಂದು ಸಾಲು, ವಾಪಸ್ ಬಿಟ್ಟಾಗ ಇನ್ ಅಂತ ಒಂದು ಸಾಲು, ಖಾಲಿ ಇಲ್ದೆ ಸಿಗ್ದೇ ಹೋದ್ರೆ ಡಿನೈಡ್ ಅಂತ, ಪಕ್ಕದಲ್ಲೇ ಟೈಮು ಮತ್ತೆ ಯೂಸರ್ ಹೆಸ್ರು. ಆದ್ರೆ ಅಲ್ಲಿರೋ ಹೆಸ್ರುಗಳು ನೀವು ದುಡ್ಡು ಕೊಟ್ಟ ಹೆಸ್ರುಗಳಲ್ಲ, ಹಳೇ ಕಾಲದ್ದು: ಅಡ್ವಾನ್ಸ್ಡ್ ಲೆವೆಲ್ಲು ಆರ್ಕ್‌/ಇನ್ಫೋ ಅಂತ ಬರತ್ತೆ, ಸ್ಟ್ಯಾಂಡರ್ಡು ಎಡಿಟರ್ ಅಂತ, ಬೇಸಿಕ್ಕು ವ್ಯೂವರ್ ಅಂತ, ಸ್ಪೇಶಿಯಲ್ ಅನಲಿಸ್ಟ್ ಗ್ರಿಡ್ ಅಂತ, 3ಡಿ ಅನಲಿಸ್ಟ್ ಟಿನ್ ಅಂತ. ಒಂದೆರಡ್ ತಿಂಗ್ಳದ್ದು ಎಕ್ಸೆಲ್‌ಗೆ ಹಾಕಿ ನೋಡಿದ್ರೆ ಒಂದೇ ಹೊತ್ತಲ್ಲಿ ನಿಜವಾಗ್ಲೂ ಎಷ್ಟ್ ಜನ ಕೂತಿದ್ರು, ಅಡ್ವಾನ್ಸ್ಡ್ ಯಾರಿಗಾದ್ರೂ ಬೇಕಿತ್ತಾ ಇಲ್ಲ ಸುಮ್ನೆ ಡೀಫಾಲ್ಟ್ ಆಗಿ ಎತ್ಕೊಂಡು ಕೂತಿದ್ರಾ ಅಂತ ಗೊತ್ತಾಗತ್ತೆ. ನಾನು ನೋಡಿರೋ ಮಟ್ಟಿಗೆ ಎಕ್ಸ್‌ಟೆನ್ಷನ್‌ಗಳಲ್ಲೇ (ಮೇಲೆ ಸೇರಿಸ್ಕೊಳ್ಳೋ ಟೂಲ್‌ಗಳ ಕಟ್ಟು) ಜಾಸ್ತಿ ದುಡ್ಡು ಪೋಲು. ವರ್ಷಕ್ಕೊಂದ್ಸಲ ಒಂದು ಸ್ಲೋಪ್ ಮ್ಯಾಪ್ ಮಾಡೋಕೆ ಎಲ್ಲಾ ಸೀಟ್‌ಗೂ ಸ್ಪೇಶಿಯಲ್ ಅನಲಿಸ್ಟ್ ಹಾಕ್ಸಿರ್ತಾರೆ.

ಇನ್ನು ನೇಮ್ಡ್ ಯೂಸರ್ ಅಂದ್ರೆ ಲೈಸೆನ್ಸು ಮಶೀನಿಗಲ್ಲ, ಆಸಾಮಿಗೆ. ಅವ್ನ ಲಾಗಿನ್‌ಗೆ ಅಂಟ್ಕೊಂಡಿರತ್ತೆ, ಯಾವ ಕಂಪ್ಯೂಟರ್‌ನಲ್ಲಿ ಸೈನ್ ಇನ್ ಆದ್ರೂ ಆರ್ಕ್‌ಮ್ಯಾಪ್ ಜಾಗಕ್ಕೆ ಬಂದಿರೋ ಆರ್ಕ್‌ಜಿಐಎಸ್ ಪ್ರೋ ಓಪನ್ ಆಗತ್ತೆ, ಆದ್ರೆ ಒಂದು ಲಾಗಿನ್ ಮಾಡ್ಕೊಂಡು ಪಾಸ್‌ವರ್ಡ್ ಹಂಚ್ಕೊಂಡು ನಾಲ್ಕ್ ಜನ ಬಳ್ಸೋಹಾಗಿಲ್ಲ, ಅದು ನೇರವಾಗಿ ಅಗ್ರಿಮೆಂಟ್ ಉಲ್ಲಂಘನೆ. ಶಿಫ್ಟ್ ಮೇಲೆ ಕೆಲ್ಸ ಮಾಡೋ ಟೀಮ್‌ಗೆ ಇದು ಹೊಡ್ತ, ದಿನವಿಡೀ ಅದ್ರಲ್ಲೇ ಮುಳುಗಿರೋನಿಗೆ ಇದೇ ಸರಿ. ಮತ್ತೆ ನೇಮ್ಡ್ ಯೂಸರ್ ಅಂದ ತಕ್ಷಣ ಎಲ್ರೂ ಒಂದೇ ರೇಟ್ ಅಲ್ಲ, ಯೂಸರ್ ಟೈಪ್ ಅಂತ ಇದೆ, ಬರೀ ನೋಡೋನಿಗೆ ವ್ಯೂವರ್ (ಲಾಗ್‌ನಲ್ಲಿರೋ ವ್ಯೂವರ್ ಬೇರೆ), ಮೇಲಕ್ಕೆ ಹೋದಂಗೆಲ್ಲಾ ರೇಟೂ ಮೇಲೆ. ಪಿಡಿಎಫ್ ಹೊಡ್ಕೊಂಡು ಹೋಗೋರಿಗೆ ಪ್ರೋ ಕೊಡ್ಸೋದು ದಂಡ.

ಇನ್ನೊಂದು, ಕ್ರೆಡಿಟ್ಸು. ಆರ್ಕ್‌ಜಿಐಎಸ್ ಆನ್‌ಲೈನ್ ಅಕೌಂಟ್ ಇದ್ರೆ ಕೆಲವು ಟೂಲ್‌ಗಳು ಕ್ರೆಡಿಟ್ (ಬಳಸಿದಷ್ಟೂ ಕಟ್ ಆಗೋ ಪಾಯಿಂಟು) ತಿನ್ತವೆ. 1000 ಅಡ್ರೆಸ್ ಜಿಯೋಕೋಡ್ ಮಾಡಿದ್ರೆ (ಮ್ಯಾಪ್ ಮೇಲೆ ಜಾಗ ಹುಡುಕ್ಸಿದ್ರೆ) 40 ಕ್ರೆಡಿಟ್ ಹೋಯ್ತು. ಹೊಸ್ಬ ಯಾರೋ ದೊಡ್ಡ ಟೇಬಲ್ ಕೊಟ್ಟು ರನ್ ಒತ್ತಿ ಊಟಕ್ಕೆ ಹೋದ್ರೆ ಅಷ್ಟೇ ಕಥೆ. ಅಡ್ಮಿನ್ ಸೆಟ್ಟಿಂಗಲ್ಲಿ ಒಬ್ಬೊಬ್ರಿಗೂ ಲಿಮಿಟ್ ಹಾಕ್ಬೋದು, ಮೊದಲ್ನೇ ದಿನಾನೇ ಹಾಕ್ಬಿಡಿ.

ಪಾಲಿಗಾನ್_ಪುಟ್ಟ:

ನಿಮ್ ಮ್ಯಾನೇಜರ್ ಕಿವಿ ಊದಿದೋರು ಯಾರೋ, ಅದು ಶುದ್ಧ ಸುಳ್ಳು. ಕ್ಯೂಜಿಐಎಸ್ ಇರೋದು ಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸಿನ ಎರಡನೇ ಆವೃತ್ತಿ ಅಥವಾ ಅದರ ನಂತರದ್ದರಲ್ಲಿ. ಆ ಲೈಸೆನ್ಸ್ ಮಾತಾಡೋದು ಸಾಫ್ಟ್‌ವೇರ್ ಕೋಡ್ ಬಗ್ಗೆ, ನೀವು ಅದ್ರಲ್ಲಿ ಬರೆದ ಲೇಯರು, ಪ್ರಿಂಟ್ ಹೊಡೆದ ಮ್ಯಾಪು ನಿಮ್ದೇ. ದುಡ್ಡಿಗೆ ಮಾರಿ, ಬೀಗ ಹಾಕಿ ಇಟ್ಕೊಳ್ಳಿ, ಯಾರೂ ಕೇಳಲ್ಲ. ಕಮರ್ಷಿಯಲ್ ಬಳಕೆಗೆ ಬೇರೆ ಪರ್ಮಿಶನ್ನೂ ಬೇಡ, ನೂರು ಮಶೀನಿಗೆ ಹಾಕ್ಕೊಂಡ್ರೂ ಅಷ್ಟೇ.

ಜಿಪಿಎಲ್ ತಲೆನೋವು ಶುರುವಾಗೋದು ಯಾವಾಗ ಅಂದ್ರೆ ನೀವು ಆ ಕೋಡನ್ನ ತಿದ್ದಿ ಅಥವಾ ಅದ್ರ ಮೇಲೆ ಏನಾದ್ರೂ ಕಟ್ಟಿ ಇನ್ನೊಬ್ರ ಕೈಗೆ ಕೊಟ್ಟಾಗ. ಆಫೀಸ್ ಒಳಗೇ ಇಟ್ಕೊಂಡು ಬಳ್ಸಿದ್ರೆ ಏನೂ ಇಲ್ಲ. ಆದ್ರೆ ಕ್ಯೂಜಿಐಎಸ್‌ಗೆ ಒಂದು ಪೈಥಾನ್ ಪ್ಲಗಿನ್ ಬರೆದು ಅದನ್ನ ಕ್ಲೈಂಟ್‌ಗೆ ಡೆಲಿವರ್ ಮಾಡಿದ್ರಿ ಅಂದ್ಕೊಳ್ಳಿ, ಅದೂ ಜಿಪಿಎಲ್‌ಗೆ ಹೊಂದೋ ಲೈಸೆನ್ಸಲ್ಲೇ ಹೋಗ್ಬೇಕು, ಆ ಕ್ಲೈಂಟ್ ಸೋರ್ಸ್ ಕೇಳಿದ್ರೆ ಕೊಡ್ಬೇಕು. ಇಡೀ ಪ್ರಪಂಚಕ್ಕೆ ಕೊಡ್ಬೇಕಿಲ್ಲ, ಯಾರಿಗೆ ಪ್ರೋಗ್ರಾಂ ಕೊಟ್ರೋ ಅವ್ರಿಗೆ ಹಕ್ಕು. ಈ ವ್ಯತ್ಯಾಸ ಜನಕ್ಕೆ ಗೊತ್ತಿಲ್ದೇ ಸುಮ್ನೆ ಹೆದರ್ತಾರೆ.

ವೆಬ್ ಮ್ಯಾಪ್ ಕಡೆ ಬಂದ್ರೆ ಮ್ಯಾಪ್ ಕಳ್ಸೋ ಜಿಯೋಸರ್ವರ್ರೂ ಮ್ಯಾಪ್ ಡೇಟಾಬೇಸ್ ಪೋಸ್ಟ್‌ಜಿಐಎಸ್ಸೂ ಜಿಪಿಎಲ್, ಆದ್ರೆ ನಿಮ್ ಸರ್ವರ್‌ನಲ್ಲಿ ಓಡಿಸಿ ಬ್ರೌಸರ್‌ಗೆ ಚಿತ್ರ ಕಳ್ಸೋದು ಸಾಫ್ಟ್‌ವೇರ್ ಹಂಚಿಕೆ ಅನ್ಸಲ್ಲ, ಆರಾಮಾಗಿ ಓಡ್ಸಿ. ಏಜಿಪಿಎಲ್ ಅನ್ನೋದು ಬೇರೆ, ಅದ್ರಲ್ಲಿ ಕೋಡ್ ತಿದ್ದಿ ನೆಟ್‌ವರ್ಕ್ ಮೇಲೆ ಬಳ್ಸೋಕೆ ಬಿಟ್ರೂ ಸೋರ್ಸ್ ಕೊಡ್ಬೇಕು, ಹೆಸರಲ್ಲಿ ಮುಂದೆ ಒಂದು ಏ ಇದೆಯಾ ಅಂತ ನೋಡ್ಕೊಳ್ಳಿ. ಜಿಡಾಲ್ (ಮ್ಯಾಪ್ ಫೈಲ್ ಓದೋ ಲೈಬ್ರರಿ), ಮ್ಯಾಪ್‌ಸರ್ವರ್ ಎಂಐಟಿ ಥರದ್ದು, ಬ್ರೌಸರ್‌ನಲ್ಲಿ ಮ್ಯಾಪ್ ತೋರ್ಸೋ ಲೀಫ್‌ಲೆಟ್, ಓಪನ್‌ಲೇಯರ್ಸ್ ಬಿಎಸ್‌ಡಿ, ಎರಡೂ ಸಡಿಲ ಲೈಸೆನ್ಸು, ಅವುಗಳನ್ನ ನಿಮ್ ಮುಚ್ಚಿದ ಪ್ರಾಡಕ್ಟ್ ಒಳಗೂ ಸೇರಿಸ್ಕೊಬೋದು, ಕಾಪಿರೈಟ್ ನೋಟೀಸ್ ತೆಗೀಬಾರ್ದು ಅಷ್ಟೇ.

ಹಾಂ, ಒಂದ್ ಪೈಸೆ ಬೇಡ ಅನ್ನೋ ಆ ಹುಡ್ಗನ ಮಾತೂ ಪೂರ್ತಿ ನಿಜ ಅಲ್ಲ. ಟ್ರೈನಿಂಗು, ಬ್ಯಾಕಪ್ಪು, ಏನಾದ್ರೂ ಕೆಟ್ಟಾಗ ಸರಿ ಮಾಡೋ ಆಳು, ಇದಕ್ಕೆಲ್ಲಾ ಖರ್ಚಿದೆ. ಹಾಕೋದಿದ್ರೆ ಎಲ್‌ಟಿಆರ್ (ಜಾಸ್ತಿ ದಿನ ಸಪೋರ್ಟ್ ಇರೋ) ಆವೃತ್ತಿ ಹಾಕಿ, ನಾಲ್ಕ್ ತಿಂಗ್ಳಿಗೊಂದು ಬರೋ ಹೊಸಾದ್ರ ಹಿಂದೆ ಓಡ್ಬೇಡಿ.

ಹಳೇಬೇರು:

ಪುಟ್ಟ ಅವ್ರು ಹೇಳಿದ್ದೆಲ್ಲಾ ಸರಿ ಆದ್ರೆ ಇಷ್ಟು ಸಲೀಸಾಗಿ ಹಾರ್ಬೇಡಿ ಗಡಿಕಲ್ಲು ಅವ್ರೇ. ನಿಮ್ ಹಳೇ ಎಂಎಕ್ಸ್‌ಡಿ (ಆರ್ಕ್‌ಮ್ಯಾಪ್ ಪ್ರಾಜೆಕ್ಟ್) ಫೈಲ್‌ಗಳು ಕ್ಯೂಜಿಐಎಸ್‌ನಲ್ಲಿ ಸೀದಾ ಓಪನ್ ಆಗಲ್ಲ, ವರ್ಷಾನುಗಟ್ಲೆ ಕೂತು ಮಾಡಿದ ಸಿಂಬಾಲಜಿ, ಲೇಬಲ್ಲು, ಲೇಔಟು ಎಲ್ಲಾ ಅದ್ರೊಳಗೇ ಇರೋದು. ಡೇಟಾದ್ದು ಅಷ್ಟು ಕಷ್ಟ ಇಲ್ಲ, ಫೈಲ್ ಜಿಯೋಡೇಟಾಬೇಸ್ ಓದೋಕೆ ಜಿಡಾಲ್‌ಗೆ ಬಹಳ ದಿನದಿಂದ ಬರತ್ತೆ, 2022ರಲ್ಲಿ ಬಂದ 3.6ರಿಂದ ಬರೆಯೋಕೂ ಬರತ್ತೆ. ಆದ್ರೆ ಪೈಪ್‌ಲೈನ್ ಅಂದ್ರಲ್ಲ, ಅದಕ್ಕೆ ಜಿಯೋಮೆಟ್ರಿಕ್ ನೆಟ್‌ವರ್ಕ್ (ಯಾವ ಪೈಪ್ ಯಾವುದಕ್ಕೆ ಜೋಡಿ ಅನ್ನೋ ನಿಯಮ) ಏನಾದ್ರೂ ಕಟ್ಟಿದೀರಾ? ಕಟ್ಟಿದ್ರೆ ನಿಮಗೆ ಎರಡೂ ಕಡೆ ಗೋಳು. ಪ್ರೋನಲ್ಲೇ ಅದು ನೋಡೋಕೆ ಮಾತ್ರ, ಎಡಿಟ್ ಆಗಲ್ಲ, ಅದ್ರ ಜಾಗಕ್ಕೆ ಬಂದಿರೋ ಯುಟಿಲಿಟಿ ನೆಟ್‌ವರ್ಕನ್ನ ನಾಲ್ಕ್ ಜನ ಒಟ್ಟಿಗೆ ಎಡಿಟ್ ಮಾಡ್ಬೇಕಂದ್ರೆ ಆರ್ಕ್‌ಜಿಐಎಸ್ ಎಂಟರ್‌ಪ್ರೈಸ್ ಬೇಕು, ಅದ್ರ ಲೈಸೆನ್ಸ್ ಬೇರೆ. ಕ್ಯೂಜಿಐಎಸ್‌ಗೆ ಹೋದ್ರೆ ಅದು ಬರೀ ಗೆರೆ ಮತ್ತೆ ಚುಕ್ಕೆ ಆಗಿ ಉಳಿಯತ್ತೆ, ನೆಟ್‌ವರ್ಕ್ ನಿಯಮಗಳೆಲ್ಲಾ ಹೋಯ್ತು.

ಅದಕ್ಕೇ ಬಹಳ ಕಡೆ ಮಾಡೋದು ಎರಡೂ ಇಟ್ಕೊಳ್ಳೋದು. ಎಡಿಟಿಂಗ್ ಮಾಡೋ ಮೂರ್ನಾಲ್ಕು ಜನಕ್ಕೆ ದುಡ್ಡಿಂದು, ಉಳ್ದೋರಿಗೆ ಕ್ಯೂಜಿಐಎಸ್, ಮಧ್ಯೆ ಡೇಟಾ ಪೋಸ್ಟ್‌ಜಿಐಎಸ್‌ನಲ್ಲೋ ಜಿಯೋಪ್ಯಾಕೇಜ್ ಫೈಲ್‌ನಲ್ಲೋ. ಗಲಾಟೆ ಇಲ್ದೆ ನಡೆಯತ್ತೆ.

ಮತ್ತೆ ನಿಮ್ ಹಳೇ ಲೈಸೆನ್ಸು ಪರ್ಪೆಚುಯಲ್ಲಾ ಟರ್ಮ್ ಅಂತ ಕಾಗ್ದ ತೆಗೆದು ನೋಡಿ. ಪರ್ಪೆಚುಯಲ್ ಆದ್ರೆ ಮೆಂಟೆನೆನ್ಸ್ ಕಟ್ಟೋದು ನಿಲ್ಸಿದ್ರೂ ಕೈಯಲ್ಲಿರೋ ಆವೃತ್ತಿ ಓಡ್ತಾ ಇರತ್ತೆ, ಹೊಸಾದು ಮತ್ತೆ ಸಪೋರ್ಟು ಸಿಗಲ್ಲ ಅಷ್ಟೇ. ಟರ್ಮ್ ಆದ್ರೆ ತಾರೀಕು ಮುಗಿದ ದಿನ ಬಾಗ್ಲು ಬಂದ್. ಪರ್ಪೆಚುಯಲ್ ಇದ್ರೆ ಒಂದು ಮಶೀನ್‌ನಲ್ಲಿ ಆರ್ಕ್‌ಮ್ಯಾಪ್ ಹಂಗೇ ಬಿಡಿ, ಹಳೇ ಪ್ರಾಜೆಕ್ಟ್ ತೆಗೆಯೋಕೆ ಬೇಕಾಗತ್ತೆ, ಇಂಟರ್ನೆಟ್‌ಗೆ ಮಾತ್ರ ಜೋಡಿಸ್ಬೇಡಿ.

ಟೈಲ್_ತಿಮ್ಮ:

ಎಲ್ರೂ ಸಾಫ್ಟ್‌ವೇರ್ ಬಗ್ಗೆನೇ ಹೇಳ್ತಿದೀರ, ಕೆಳಗಡೆ ಹಾಕ್ಕೊಳ್ಳೋ ಬೇಸ್‌ಮ್ಯಾಪ್ ಬಗ್ಗೆ ಒಬ್ರೂ ಕೇಳ್ಲಿಲ್ಲ. ಡಿಜಿಟೈಸ್ ಮಾಡೋದು ಯಾವ ಇಮೇಜ್ ಮೇಲೆ ಸಾರ್? ಗೂಗಲ್ ಸ್ಯಾಟಲೈಟ್ ಟೈಲನ್ನ (ಚೌಕ ತುಂಡು ಚಿತ್ರ) ಕ್ಯೂಜಿಐಎಸ್‌ಗೆ ಎಳ್ಕೊಂಡು ಅದ್ರ ಮೇಲೆ ಗೆರೆ ಹೊಡೀತಿದ್ರೆ ಅದು ಅವ್ರ ನಿಯಮಕ್ಕೆ ವಿರುದ್ಧ. ಮ್ಯಾಪ್ಸ್ ಪ್ಲಾಟ್‌ಫಾರ್ಮ್ ಷರತ್ತಲ್ಲಿ ಸ್ಯಾಟಲೈಟ್ ಚಿತ್ರದ ಮೇಲಿಂದ ರಸ್ತೆ, ಕಟ್ಟಡದ ಗೆರೆ ಟ್ರೇಸ್ ಮಾಡ್ಬಾರ್ದು ಅಂತ ಉದಾಹರಣೆ ಸಮೇತ ಬರ್ದಿದೆ. ನೀವು ಕೋಟಿ ರೂಪಾಯಿ ಸಾಫ್ಟ್‌ವೇರ್ ತಗೊಂಡ್ರೂ ಅದು ಸರಿ ಹೋಗಲ್ಲ, ಯಾಕಂದ್ರೆ ಸಾಫ್ಟ್‌ವೇರ್ ಲೈಸೆನ್ಸೇ ಬೇರೆ ಡೇಟಾ ಲೈಸೆನ್ಸೇ ಬೇರೆ. ಕ್ಲೈಂಟ್ ಅಗ್ರಿಮೆಂಟಲ್ಲಿ ಈ ಡೇಟಾ ಪೂರ್ತಿ ನಮ್ದೇ ಅಂತ ಸೈನ್ ಹಾಕಿರ್ತೀರಲ್ಲ, ಅಲ್ಲಿ ಸಿಕ್ಕಾಕ್ಕೊಳ್ಳೋದು.

ಜನರೇ ಸೇರಿ ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಬಿಟ್ಟಿ ಅಲ್ವಾ ಅಂತೀರಿ. ಬಳ್ಸ್ಬೋದು, ಆದ್ರೆ 2012ರಿಂದ ಅದು ಓಡಿಬಿಎಲ್ ಅನ್ನೋ ಡೇಟಾಬೇಸ್ ಲೈಸೆನ್ಸಲ್ಲಿದೆ. ಮ್ಯಾಪ್ ಚಿತ್ರ ಮಾಡಿ ಮಾರಿದ್ರೆ ಓಪನ್‌ಸ್ಟ್ರೀಟ್‌ಮ್ಯಾಪ್ ಕಾಂಟ್ರಿಬ್ಯೂಟರ್ಸ್ ಅಂತ ಕ್ರೆಡಿಟ್ ಹಾಕಿದ್ರೆ ಸಾಕು. ಆದ್ರೆ ಅವ್ರ ರಸ್ತೆ ಲೇಯರ್ ತಗೊಂಡು ನಿಮ್ ಸರ್ವೆ ರಸ್ತೆನೂ ಅದ್ರಲ್ಲೇ ಬೆರೆಸಿ ಒಂದೇ ಟೇಬಲ್ ಮಾಡಿ ಹೊರಗೆ ಕೊಟ್ರೆ ಆ ಬೆರಕೆ ಡೇಟಾಬೇಸೂ ಓಡಿಬಿಎಲ್ ಅಡಿಗೇ ಬರತ್ತೆ. ನಿಮ್ ಮ್ಯಾನೇಜರ್ ಹೆದರ್ಬೇಕಿರೋದು ಇದಕ್ಕೆ, ಕ್ಯೂಜಿಐಎಸ್‌ಗಲ್ಲ. ಅವ್ರ ಲೇಯರ್ ಬೇರೆ, ನಿಮ್ ಲೇಯರ್ ಬೇರೆ ಇಟ್ಕೊಳ್ಳಿ. ಅವ್ರ ಟೈಲ್ ಸರ್ವರಿಂದ ರಾಶಿಗಟ್ಲೆ ಡೌನ್‌ಲೋಡ್ ಮಾಡೋದೂ ಬೇಡ, ಬ್ಲಾಕ್ ಮಾಡ್ತಾರೆ, ಡೇಟಾ ಓಪನ್ ಆದ್ರೂ ಆ ಸರ್ವರ್ ದೇಣಿಗೆ ಮೇಲೆ ಓಡೋದು.

ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ 2008ರಿಂದ ಫ್ರೀ, ಸೆಂಟಿನೆಲ್ ಕೂಡ ಫ್ರೀ, ಆದ್ರೆ ಸೆಂಟಿನೆಲ್-2ರಲ್ಲಿ ಒಂದು ಪಿಕ್ಸೆಲ್ ಅಂದ್ರೆ ಹೆಚ್ಚೂಕಮ್ಮಿ 10 ಮೀಟರ್, ಅದ್ರಲ್ಲಿ ಪ್ಲಾಟ್ ಗಡಿ ಹುಡ್ಕಕ್ಕಾಗಲ್ಲ. ಡ್ರೋನ್ ಹಾರಿಸಿ ಅಥವಾ ಇಮೇಜ್ ಕೊಂಡ್ಕೊಳ್ಳಿ, ಕೊಳ್ಳೋವಾಗ ಟ್ರೇಸ್ ಮಾಡಿದ ಲೇಯರ್ ಯಾರ್ದು ಅಂತ ಬರವಣಿಗೆಲಿ ತಗೊಳ್ಳಿ.

ಇನ್ನೊಂದು, ವೆಬ್ ಮ್ಯಾಪ್‌ಗೆ ಲೈಬ್ರರಿ ಆರಿಸೋವಾಗ ಆವೃತ್ತಿ ನಂಬರ್ ನೋಡಿ. ಮ್ಯಾಪ್‌ಬಾಕ್ಸ್ ಜಿಎಲ್ ಜೆಎಸ್ ಒಂದನೇ ಆವೃತ್ತಿವರ್ಗೂ ಬಿಎಸ್‌ಡಿ ಇತ್ತು, 2020ರ ಡಿಸೆಂಬರ್‌ನಲ್ಲಿ ಎರಡನೇದು ಬಂದಾಗ ಲೈಸೆನ್ಸೇ ಬದಲಾಯ್ತು, ಆಗ ಹಳೇ ಕೋಡಿಂದ ಕವಲೊಡೆದಿದ್ದು ಮ್ಯಾಪ್‌ಲಿಬ್ರೆ. ಗೊತ್ತಿಲ್ದೇ ಅಪ್‌ಡೇಟ್ ಒತ್ತಿದೋರು ಬೇರೆ ಷರತ್ತಿನೊಳಗೆ ಹೋಗಿ ಕೂತ್ರು.

ಗಡಿಕಲ್ಲು:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಲಾಗ್ ಫೈಲ್ ತೆಗೆದೆ. ಡಿನೈಡ್ ಅಂತ ಬಂದಿರೋದೆಲ್ಲಾ ಹೆಚ್ಚುಕಮ್ಮಿ ಬೆಳಿಗ್ಗೆನೇ, ಆಮೇಲೆ ನೋಡಿದ್ರೆ ಕೆಲವ್ರು ಔಟ್ ಮಾಡಿ ಸಂಜೆವರ್ಗೂ ಇನ್ ಮಾಡೇ ಇಲ್ಲ, ಅಂದ್ರೆ ಓಪನ್ ಮಾಡಿ ಮಿನಿಮೈಸ್ ಮಾಡಿ ಕೂತಿದಾರೆ. ಗ್ರಿಡ್ ಅಂತೂ ಯಾರೂ ಮುಟ್ಟಿಲ್ಲ. ಜಿಯೋಮೆಟ್ರಿಕ್ ನೆಟ್‌ವರ್ಕ್ ಇಲ್ಲ, ನಮ್ದು ಬರೀ ಗೆರೆನೇ, ಬಚಾವ್.

ಬೇಸ್‌ಮ್ಯಾಪ್ ವಿಷ್ಯ ಮ್ಯಾನೇಜರ್ ಮುಂದೆ ಇಟ್ಟಿದೀನಿ, ಮುಖ ಸಣ್ಣದಾಯ್ತು. ಒಂದು ಉಳ್ದಿದೆ, ನಮ್ ಎಡಿಟರ್‌ಗಳು ಫೀಲ್ಡಿಗೆ ಲ್ಯಾಪ್‌ಟಾಪ್ ತಗೊಂಡ್ ಹೋಗ್ತಾರೆ, ಅಲ್ಲಿ ನೆಟ್ ಇರಲ್ಲ. ನೇಮ್ಡ್ ಯೂಸರ್ ಆದ್ರೆ ಸೈನ್ ಇನ್ ಹೆಂಗೆ?

ಲೇಯರ್_ಮೇಲ್_ಲೇಯರ್:

ಆಫೀಸಲ್ಲಿ ನೆಟ್ ಇರೋವಾಗ್ಲೇ ಪ್ರೋ ಲೈಸೆನ್ಸಿಂಗ್ ಪೇಜಲ್ಲಿ ಆಫ್‌ಲೈನ್ ಕೆಲ್ಸಕ್ಕೆ ಅಂತ ಒಂದು ಟಿಕ್ ಇದೆ, ಹಾಕ್ಕೊಂಡು ಹೋಗ್ಬೇಕು. ಅಡ್ಮಿನ್ ಅದಕ್ಕೆ ಅವಕಾಶ ಕೊಟ್ಟಿರ್ಬೇಕು, ಮೊದ್ಲೇ ಚೆಕ್ ಮಾಡಿ. ಟಿಕ್ ಹಾಕಿದ್ಮೇಲೆ ಲೈಸೆನ್ಸು ಆ ಲ್ಯಾಪ್‌ಟಾಪ್‌ಗೆ ಕಟ್ಟಾಕ್ದಂಗೆ, ಬೇರೆ ಮಶೀನಲ್ಲಿ ಸಿಗಲ್ಲ, ವಾಪಸ್ ಬಂದ್ಮೇಲೆ ಟಿಕ್ ತೆಗೀಬೇಕು. ಟಿಕ್ ತೆಗೀದೇ ವಿಂಡೋಸ್ ಫಾರ್ಮ್ಯಾಟ್ ಹೊಡೆದ್ರೆ ಆ ಲೈಸೆನ್ಸ್ ಬಿಡಿಸ್ಕೊಳ್ಳೋಕೆ ಅಲೆದಾಡ್ಬೇಕಾಗತ್ತೆ, ನಿಮ್ ಐಟಿಯೋರಿಗೆ ಇದನ್ನ ಮೊದ್ಲೇ ಹೇಳಿಡಿ.

ಪಾಲಿಗಾನ್_ಪುಟ್ಟ:

ಫೀಲ್ಡಲ್ಲಿ ಬರೀ ಪಾಯಿಂಟ್ ತಗೊಳ್ಳೋದು, ಫೋಟೋ ಹಾಕೋದು ಅಷ್ಟೇ ಆದ್ರೆ ಲ್ಯಾಪ್‌ಟಾಪ್ ಯಾಕೆ, ಕ್ಯೂಫೀಲ್ಡ್ ಅಂತ ಮೊಬೈಲ್ ಆ್ಯಪ್ ಇದೆ, ಅದೂ ಓಪನ್ ಸೋರ್ಸೇ. ಜಿಯೋಪ್ಯಾಕೇಜ್ ಹಾಕ್ಕೊಂಡು ಹೋಗಿ, ಬಂದ್ಮೇಲೆ ಸಿಂಕ್ ಮಾಡಿ. ಆ ಹುಡ್ಗನಿಗೆ ಕೊಡಿ, ಖುಷಿಯಾಗಿ ಮಾಡ್ತಾನೆ.