ಪದಚರ್ಚೆ: ಅಮೆರಿಕನ್ ಫುಟ್‌ಬಾಲ್‌ನ ‘ಡೆಡ್ ಮನಿ’ಗೆ ಒಪ್ಪುವ ಕನ್ನಡ ಪದ ಯಾವುದು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಡೆನ್ವರ್ ಬ್ರಾಂಕೋಸ್ ತಂಡವು 2024ರ ಮಾರ್ಚ್‌ನಲ್ಲಿ ತನ್ನ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ತಂಡದ ದಾಳಿಯನ್ನು ನಡೆಸುವ ಆಟಗಾರ) ರಸೆಲ್ ವಿಲ್ಸನ್ ಅವರನ್ನು ಕೈಬಿಟ್ಟ ಪ್ರಕರಣದ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬಂದು, ಭಾನುವಾರ ಮೊಮ್ಮಕ್ಕಳ ಪಕ್ಕದಲ್ಲಿ ಕುಳಿತು ಈ ಆಟ ನೋಡುವ ನಮ್ಮ ಹಿರಿಯರು ಅದರ ಓದುಗರು. ಕ್ರಿಕೆಟ್ ಬಲ್ಲವರು, ಐಪಿಎಲ್ ಹರಾಜನ್ನು ಆಸಕ್ತಿಯಿಂದ ನೋಡಿದವರು. ಮೈದಾನದ ಆಟವನ್ನು ವಿವರಿಸಲು ಪದಗಳು ಹೇಗೋ ಸಿಕ್ಕವು. ಆದರೆ ಪಂದ್ಯಗಳು ಮುಗಿದ ಮೇಲೆ, ಫೆಬ್ರುವರಿಯಿಂದ ಆಗಸ್ಟ್‌ವರೆಗೆ, ತಂಡದ ಕಚೇರಿಯಲ್ಲಿ ನಡೆಯುವ ಸಂಬಳದ ಲೆಕ್ಕಾಚಾರಕ್ಕೆ ಬಂದಾಗ ಬರವಣಿಗೆ ನಿಂತಿದೆ. ಅದರಲ್ಲೂ, ಆಟಗಾರ ತಂಡದಿಂದ ಹೋದ ಮೇಲೂ ಅವನ ಹೆಸರಿನಲ್ಲಿ ತಂಡದ ಸಂಬಳದ ಮಿತಿಯೊಳಗೆ ಉಳಿಯುವ ಮೊತ್ತಕ್ಕೆ ಇಲ್ಲಿನವರು ಬಳಸುವ ‘ಡೆಡ್ ಮನಿ’ ಎಂಬ ಪದಕ್ಕೆ ನಾನು ನೋಡಿದ ಯಾವ ಕನ್ನಡ ರೂಪವೂ ಅರ್ಥವನ್ನು ಸರಿಯಾಗಿ ಹಿಡಿಯುವುದಿಲ್ಲ.

ಲೆಕ್ಕ ತಿಳಿಯದೆ ಪದವನ್ನು ತೂಗಲಾಗದು. ಹಾಗಾಗಿ ಮೊದಲು ನಡೆದದ್ದನ್ನು ಹೇಳುತ್ತೇನೆ.

2022ರ ಮಾರ್ಚ್‌ನಲ್ಲಿ ಡೆನ್ವರ್ ತಂಡವು ಸಿಯಾಟಲ್‌ನಿಂದ ವಿಲ್ಸನ್ ಅವರನ್ನು ಪಡೆಯಿತು. ಬದಲಿಗೆ ಮೂವರು ಆಟಗಾರರನ್ನೂ, ಎರಡು ಮೊದಲ ಸುತ್ತಿನವು ಮತ್ತು ಎರಡು ಎರಡನೇ ಸುತ್ತಿನವು ಸೇರಿದಂತೆ ಐದು ಡ್ರಾಫ್ಟ್ ಆಯ್ಕೆಗಳನ್ನೂ (ಕಾಲೇಜಿನಿಂದ ಬರುವ ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕು) ಬಿಟ್ಟುಕೊಟ್ಟಿತು. ಅವರು ಹೊಸ ತಂಡಕ್ಕಾಗಿ ಇನ್ನೂ ಒಂದು ಪಂದ್ಯವನ್ನೂ ಆಡಿರಲಿಲ್ಲ, ಅಷ್ಟರಲ್ಲೇ ಹಳೆಯ ಕರಾರಿಗೆ ಮತ್ತೆ ಐದು ವರ್ಷ ಸೇರಿಸಿ ಸುಮಾರು 24.5 ಕೋಟಿ ಡಾಲರ್‌ಗೆ ಸಹಿ ಹಾಕಿಸಿಕೊಂಡಿತು. ಆ ಋತುವಿನ 17 ಪಂದ್ಯಗಳಲ್ಲಿ ಗೆದ್ದದ್ದು ಐದು ಮಾತ್ರ. ಕೋಚ್ ನಥಾನಿಯಲ್ ಹ್ಯಾಕೆಟ್ ಅವರ ಕೆಲಸ ಋತು ಮುಗಿಯುವ ಮೊದಲೇ ಹೋಯಿತು. ಮರುವರ್ಷ ಶಾನ್ ಪೇಟನ್ ಬಂದರು, ಗೆಲುವು ಎಂಟಕ್ಕೆ ಏರಿತು. ಆದರೂ ಕೊನೆಯ ಎರಡು ಪಂದ್ಯಗಳಿಗೆ ವಿಲ್ಸನ್ ಅವರನ್ನು ಆಡಿಸಲಿಲ್ಲ. 2024ರ ಮಾರ್ಚ್ ಮಧ್ಯದಲ್ಲಿ ಅವರು ತಂಡದ ಪಟ್ಟಿಯಲ್ಲಿ ಇದ್ದಿದ್ದರೆ 2025ರ 3.7 ಕೋಟಿ ಡಾಲರ್ ಸಂಬಳವೂ ಖಾತ್ರಿಯಾಗುತ್ತಿತ್ತು. ಆ ದಿನ ಬರುವ ಮೊದಲೇ ಕೈಬಿಟ್ಟರು.

ಕೈಬಿಟ್ಟ ಮೇಲೂ ವಿಲ್ಸನ್ ಅವರ ಹೆಸರಿನಲ್ಲಿ 8.5 ಕೋಟಿ ಡಾಲರ್ ಡೆನ್ವರ್‌ನ ಲೆಕ್ಕದಲ್ಲಿ ಉಳಿಯಿತು. ಒಬ್ಬನೇ ಆಟಗಾರನ ಹೆಸರಿನಲ್ಲಿ ಇಷ್ಟು ದೊಡ್ಡ ಮೊತ್ತ ಅಲ್ಲಿಯವರೆಗೆ ಯಾವ ತಂಡದ ಲೆಕ್ಕದಲ್ಲೂ ಉಳಿದಿರಲಿಲ್ಲ. 2022ರಲ್ಲಿ ಅಟ್ಲಾಂಟಾ ತಂಡ ಮ್ಯಾಟ್ ರಯನ್ ಅವರನ್ನು ಬಿಟ್ಟುಕೊಟ್ಟಾಗ ಉಳಿದ 4.05 ಕೋಟಿಯೇ ಆಗ ಎಲ್ಲರ ಬಾಯಲ್ಲಿತ್ತು.

ನನ್ನ ತೊಡಕು ಇರುವುದು ಈ 8.5 ಕೋಟಿಯ ಒಳಗೆ. ಅದರಲ್ಲಿ 3.9 ಕೋಟಿ 2024ಕ್ಕೆ ಖಾತ್ರಿ ಮಾಡಿಕೊಟ್ಟಿದ್ದ ಹಣ. ಅದನ್ನು ತಂಡ ಇನ್ನೂ ಕೊಟ್ಟಿರಲಿಲ್ಲ, ಕೊಡಲೇಬೇಕಿತ್ತು. ಉಳಿದ 4.6 ಕೋಟಿಯನ್ನು ಆಗಲೇ ಕೊಟ್ಟಾಗಿತ್ತು. ಆ ಹಣ ವಿಲ್ಸನ್ ಅವರ ಕೈ ಸೇರಿಯಾಗಿತ್ತು, ಲೆಕ್ಕಕ್ಕೆ ಮಾತ್ರ ಪೂರ್ತಿ ಬಂದಿರಲಿಲ್ಲ. ಈ ಲೀಗಿನ (ಎನ್‌ಎಫ್‌ಎಲ್) ನಿಯಮದಂತೆ ಸಹಿ ಹಾಕಿದಾಗ ಕೊಡುವ ಬೋನಸ್ ಆಟಗಾರನಿಗೆ ಬೇಗ ಸಂದರೂ, ತಂಡದ ಸಂಬಳದ ಲೆಕ್ಕದಲ್ಲಿ ಅದನ್ನು ಕರಾರಿನ ವರ್ಷಗಳಿಗೆ ಸಮನಾಗಿ ಹಂಚುತ್ತಾರೆ, ಹೆಚ್ಚೆಂದರೆ ಐದು ವರ್ಷಗಳಿಗೆ. ವಿಲ್ಸನ್ ಅವರ ಸಹಿ ಬೋನಸ್ 5 ಕೋಟಿ, ವರ್ಷಕ್ಕೆ 1 ಕೋಟಿಯಂತೆ ಹಂಚಿದ್ದು. ಎರಡು ವರ್ಷ ಕಳೆದಿತ್ತು, 3 ಕೋಟಿ ಉಳಿದಿತ್ತು. 2023ರಲ್ಲಿ ಮತ್ತೆ 2 ಕೋಟಿ ಬೋನಸ್, ವರ್ಷಕ್ಕೆ 40 ಲಕ್ಷ. ಅದರಲ್ಲಿ ಉಳಿದದ್ದು 1.6 ಕೋಟಿ. ಆಟಗಾರ ತಂಡದಿಂದ ಹೋದ ಕೂಡಲೇ ಹೀಗೆ ಮುಂದಿನ ವರ್ಷಗಳಿಗೆ ಹಂಚಿಟ್ಟದ್ದೆಲ್ಲ ಒಟ್ಟಿಗೆ ಲೆಕ್ಕಕ್ಕೆ ಬಂದು ಬೀಳುತ್ತದೆ. ಜೂನ್ 1ರ ನಂತರ ಕೈಬಿಟ್ಟಂತೆ ನಮೂದಿಸಿದರೆ ಅದನ್ನು ಎರಡು ವರ್ಷಕ್ಕೆ ಒಡೆಯಬಹುದು. ಡೆನ್ವರ್ ಹಾಗೆಯೇ ಮಾಡಿತು: 2024ಕ್ಕೆ 5.3 ಕೋಟಿ, 2025ಕ್ಕೆ 3.2 ಕೋಟಿ. 2024ರಲ್ಲಿ ಆಟಗಾರರ ಸಂಬಳಕ್ಕೆಂದು ಪ್ರತಿ ತಂಡಕ್ಕೂ ಇದ್ದ ಒಟ್ಟು ಮಿತಿ 25.54 ಕೋಟಿ ಡಾಲರ್. ಅಂದರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು, ತಂಡದಲ್ಲೇ ಇಲ್ಲದ ಒಬ್ಬರ ಹೆಸರಿನಲ್ಲಿ.

ಈಗ ಪದಗಳಿಗೆ ಬರುತ್ತೇನೆ.

‘ಸತ್ತ ಹಣ’ವನ್ನು ನಾನು ಒಪ್ಪಲಾರೆ. ಜೋರಾಗಿ ಓದಿದರೆ ಕಿವಿಗೆ ‘ಸತ್ತ ಹೆಣ’ ಎಂದೇ ಕೇಳಿಸುತ್ತದೆ, ಅದೂ ಅಲ್ಲದೆ ಕನ್ನಡದಲ್ಲಿ ಹಣ ಸಾಯುವುದಿಲ್ಲ. ನಮ್ಮಲ್ಲಿ ಹಣ ಮುಳುಗುತ್ತದೆ, ಕರಗುತ್ತದೆ, ಪೋಲಾಗುತ್ತದೆ, ನೀರಿನಂತೆ ಹರಿಯುತ್ತದೆ. ‘ಮುಳುಗಿದ ಹಣ’ ನುಡಿಯಾಗಿ ಸೊಗಸಾಗಿದೆ. ಆದರೆ ಅದು ಮರಳಿ ಬರಬೇಕಾಗಿದ್ದು ಬಾರದೆ ಹೋದ ಹಣ: ಕೊಟ್ಟ ಸಾಲ, ಚೀಟಿಗೆ ಕಟ್ಟಿದ ಕಂತು. ವಿಲ್ಸನ್ ಅವರಿಂದ ಏನೂ ಮರಳಿ ಬರಬೇಕಾಗಿರಲಿಲ್ಲ.

‘ಬಾಕಿ’ ಮತ್ತು ‘ಹಿಂಬಾಕಿ’ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತವೆ. ಬಾಕಿ ಎಂದರೆ ಕೊಡಬೇಕಾಗಿರುವುದು. 3.9 ಕೋಟಿಗೆ ಅದು ಸರಿಹೊಂದುತ್ತದೆ. ಪಿಟ್ಸ್‌ಬರ್ಗ್ ತಂಡ ವಿಲ್ಸನ್ ಅವರನ್ನು 12.1 ಲಕ್ಷ ಡಾಲರ್‌ನ ಕನಿಷ್ಠ ಸಂಬಳಕ್ಕೆ ಸೇರಿಸಿಕೊಂಡಾಗ, ಅಷ್ಟನ್ನು ಕಳೆದು ಉಳಿದ ಸುಮಾರು 3.78 ಕೋಟಿಯನ್ನು ಡೆನ್ವರ್ ತನ್ನ ಕೈಯಿಂದಲೇ ಕೊಟ್ಟಿತು. ಅದು ನಿಜವಾದ ಬಾಕಿ. ಆದರೆ 4.6 ಕೋಟಿಯನ್ನು ಬಾಕಿ ಎಂದು ಬರೆದರೆ, ತಂಡ ಅವರಿಗೆ ಇನ್ನೂ ಅಷ್ಟು ಕೊಡಬೇಕಿದೆ ಎಂದು ಓದುಗ ತಿಳಿಯುತ್ತಾನೆ. ಈ ಆಟದ ಹಣದ ವಿಚಾರದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಕೊಟ್ಟ ವರ್ಷ ಒಂದು, ಲೆಕ್ಕಕ್ಕೆ ಬರುವ ವರ್ಷ ಇನ್ನೊಂದು. ಒಳ್ಳೆಯ ಪದ ಈ ಅಂತರವನ್ನು ಮುಚ್ಚಬಾರದು.

‘ನಷ್ಟ’ ಎಂದು ಬರೆದುಬಿಡಬಹುದಲ್ಲ ಎಂದು ಒಬ್ಬ ಸ್ನೇಹಿತರು ಸೂಚಿಸಿದರು. ಅದನ್ನೂ ಒಪ್ಪಲು ಮನಸ್ಸು ಬರುತ್ತಿಲ್ಲ. ಅದೇ ವರ್ಷ ಡೆನ್ವರ್ ಬಹಳ ಕಾಲದಿಂದ ತಂಡದಲ್ಲಿದ್ದ ಸೇಫ್ಟಿ (ಹಿಂಬದಿಯ ರಕ್ಷಣೆಯ ಆಟಗಾರ) ಜಸ್ಟಿನ್ ಸಿಮನ್ಸ್ ಅವರನ್ನೂ ಕೈಬಿಟ್ಟಿತು, ಎಸೆದ ಚೆಂಡು ಹಿಡಿಯುವ ರಿಸೀವರ್ ಜೆರ್ರಿ ಜೂಡಿ ಅವರನ್ನು ಕ್ಲೀವ್‌ಲ್ಯಾಂಡ್‌ಗೆ ಕಳುಹಿಸಿತು, ಡ್ರಾಫ್ಟ್‌ನ 12ನೇ ಆಯ್ಕೆಯಲ್ಲಿ ಬೋ ನಿಕ್ಸ್ ಎಂಬ ಹೊಸಬ ಕ್ವಾರ್ಟರ್‌ಬ್ಯಾಕ್‌ನನ್ನು ತಂದಿತು. ಹೊಸಬರ ಸಂಬಳ ಆಯ್ಕೆಯ ಕ್ರಮಾಂಕಕ್ಕೆ ತಕ್ಕಂತೆ ಮೊದಲೇ ನಿಗದಿಯಾಗಿರುವುದರಿಂದ ಅಷ್ಟು ಭಾರ ಹೊತ್ತೂ ತಂಡ ಕಟ್ಟಲು ಸಾಧ್ಯವಾಯಿತು. ಆ ಋತುವಿನಲ್ಲಿ ಹತ್ತು ಪಂದ್ಯ ಗೆದ್ದು, 2015ರ ಋತುವಿನ ನಂತರ ಮೊದಲ ಬಾರಿಗೆ ಪ್ಲೇಆಫ್ ತಲುಪಿತು. ಹಿಂದಿನ ತಪ್ಪಿನ ಬೆಲೆಯನ್ನು ಎರಡು ವರ್ಷದಲ್ಲಿ ತೀರಿಸಿ ಮುಂದಕ್ಕೆ ಹೋಗುವುದೆಂಬ ನಿರ್ಧಾರ ಅದು. ನನ್ನ ಅಭಿಪ್ರಾಯದಲ್ಲಿ ಆ ತಂಡ ಬಹಳ ವರ್ಷಗಳಲ್ಲಿ ಮಾಡಿದ ಅತ್ಯಂತ ಧೈರ್ಯದ ಕೆಲಸವೂ ಹೌದು. ‘ನಷ್ಟ’ ಎಂಬ ಪದ ತೀರ್ಪನ್ನೇ ಕೊಟ್ಟುಬಿಡುತ್ತದೆ.

ಅಚ್ಚಗನ್ನಡದಲ್ಲಿ ‘ಇಲ್ಲದವರ ಲೆಕ್ಕ’ ಎಂದು ಬರೆದು ನೋಡಿದೆ. ತಂಡದಲ್ಲಿ ಇಲ್ಲದವರ ಹೆಸರಿನ ಲೆಕ್ಕ ಎಂಬ ಅರ್ಥದಲ್ಲಿ. ಆದರೆ ‘ಉಳ್ಳವರು–ಇಲ್ಲದವರು’ ಎಂಬ ಜೋಡಿ ನಮ್ಮ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ ಬಡವರ ಮಾತು ಬಂದಂತಾಗುತ್ತದೆ. ‘ಹೋದವರ ಲೆಕ್ಕ’ ಎಂದರೆ ತೀರಿಕೊಂಡವರ ನೆನಪು. ‘ಕೈಬಿಟ್ಟವರ ಲೆಕ್ಕ’ ಎಂದರೆ ಕೈಬಿಟ್ಟವರು ಯಾರು, ಆಟಗಾರರೋ ತಂಡವೋ ಎಂಬ ಗೊಂದಲ. ‘ಕೈಬಿಟ್ಟ ಆಟಗಾರ’ ಎಂದಾಗ ತೊಂದರೆಯಿಲ್ಲ, ‘ಕೈಬಿಟ್ಟವರು’ ಎಂದ ಕೂಡಲೇ ಬಿಟ್ಟ ಕೈಯೇ ಕಣ್ಣಿಗೆ ಬರುತ್ತದೆ. ಮೇಲಾಗಿ ಕೈಬಿಡದೆಯೂ ಈ ಮೊತ್ತ ಉಳಿಯುವುದುಂಟು. ಫಿಲಡೆಲ್ಫಿಯಾದ ಜೇಸನ್ ಕೆಲ್ಸಿ 2024ರ ಮಾರ್ಚ್‌ನಲ್ಲಿ ತಾವಾಗಿಯೇ ನಿವೃತ್ತರಾದರು, ಅವರ ಹೆಸರಿನ ಹಂಚಿಕೆಯೂ ಹೀಗೆಯೇ ಲೆಕ್ಕದಲ್ಲಿ ಉಳಿಯಿತು. ಆ ಋತುವಿನಲ್ಲಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದದ್ದು ಅದೇ ತಂಡ.

ಸದ್ಯಕ್ಕೆ ನನ್ನ ಕರಡಿನಲ್ಲಿ ಇರುವುದು ‘ಹಳೆ ಕರಾರಿನ ಹೊರೆ’. ಕೊಟ್ಟಾಗಿದ್ದರೂ ಕೊಡಬೇಕಾಗಿದ್ದರೂ ಹೊರೆ ಹೊರೆಯೇ. ಆಟಗಾರನನ್ನು ಕೈಬಿಟ್ಟಿದ್ದರೂ, ಬೇರೆ ತಂಡಕ್ಕೆ ಕೊಟ್ಟಿದ್ದರೂ, ಅವನೇ ನಿವೃತ್ತನಾಗಿದ್ದರೂ ಕರಾರು ಹಳೆಯದೇ. ಅದು ತೀರ್ಪು ಕೊಡುವುದಿಲ್ಲ, ಭಾರವನ್ನು ಮಾತ್ರ ಹೇಳುತ್ತದೆ. ತಲೆಬರಹದಲ್ಲಿ ‘ಕರಾರು ಹೊರೆ’ ಎಂದು ಚಿಕ್ಕದಾಗಿಸಬಹುದು. ‘ಒಪ್ಪಂದ’ ಬಿಟ್ಟು ‘ಕರಾರು’ ಆರಿಸಿದ್ದಕ್ಕೆ ಕಾರಣ, ಒಪ್ಪಂದ ರಾಜ್ಯ–ರಾಷ್ಟ್ರಗಳ ನಡುವಿನದೂ ಆಗುತ್ತದೆ. ಕರಾರಿಗೆ ಸಹಿ, ಷರತ್ತು, ಅವಧಿ ಎಲ್ಲವೂ ತಾವಾಗಿಯೇ ಅಂಟಿಕೊಂಡು ಬರುತ್ತವೆ. ‘ಗುತ್ತಿಗೆ’ಯಂತೂ ಬೇಡ. ‘ಗುತ್ತಿಗೆ ನೌಕರ’ ಎಂದರೆ ನಮ್ಮಲ್ಲಿ ಯಾವ ಖಾತ್ರಿಯೂ ಇಲ್ಲದವನು.

ಇದೇ ಲೇಖನದ ಬೇರೆ ಪದಗಳ ಬಗ್ಗೆಯೂ ಬೇಗನೆ ಹೇಳಿಬಿಡುತ್ತೇನೆ. ಸ್ಯಾಲರಿ ಕ್ಯಾಪ್‌ಗೆ ‘ವೇತನ ಮಿತಿ’ ಎನ್ನುವುದು ಸುಲಭ, ಆದರೆ ಇಎಸ್‌ಐ, ಪಿಎಫ್ ಸುದ್ದಿಗಳಲ್ಲಿ ಆ ಪದ ಒಬ್ಬ ನೌಕರನ ಸಂಬಳದ ಮಿತಿಗೆ ಸಲ್ಲುತ್ತದೆ. ಇಲ್ಲಿ ಒಬ್ಬ ಆಟಗಾರನಿಗೆ ಮಿತಿಯೇ ಇಲ್ಲ, ಇರುವುದು ಇಡೀ ತಂಡಕ್ಕೆ. ಆದ್ದರಿಂದ ‘ತಂಡದ ವೇತನ ಮಿತಿ’ ಎಂದು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಐಪಿಎಲ್‌ನ ‘ಪರ್ಸ್’ ಓದುಗರಿಗೆ ಗೊತ್ತಿದೆ. 2025ರ ಆವೃತ್ತಿಗೆ ಪ್ರತಿ ತಂಡಕ್ಕೆ 120 ಕೋಟಿ ರೂಪಾಯಿ, ಅದರಲ್ಲಿ ಕೊಹ್ಲಿ, ಪಾಟೀದಾರ್, ಯಶ್ ದಯಾಳ್ ಅವರನ್ನು ಉಳಿಸಿಕೊಂಡ ಮೇಲೆ ಆರ್‌ಸಿಬಿ ಕೈಯಲ್ಲಿ ಹರಾಜಿಗೆ 83 ಕೋಟಿ. ಆದರೆ ಅಲ್ಲಿ ಆಟಗಾರನನ್ನು ಬಿಟ್ಟ ದಿನವೇ ಅವನ ಪೂರ್ತಿ ಮೊತ್ತ ಪರ್ಸಿಗೆ ಮರಳುತ್ತದೆ. ಹೊರೆ ಉಳಿಯುವ ಪ್ರಶ್ನೆಯೇ ಇಲ್ಲ. ಅದಕ್ಕೇ ಐಪಿಎಲ್ ಸುದ್ದಿಗಳಲ್ಲಿ ನಮಗೆ ಈ ಪದ ಸಿದ್ಧವಾಗಿ ಸಿಗುವುದಿಲ್ಲ.

‘ರೋಸ್ಟರ್’ ಎಂದರೆ ಕರ್ನಾಟಕದಲ್ಲಿ ಮೀಸಲಾತಿಯ ರೋಸ್ಟರ್ ನೆನಪಾಗುತ್ತದೆ, ಆದ್ದರಿಂದ ‘ಆಟಗಾರರ ಪಟ್ಟಿ’. ಬೇಸಿಗೆಯಲ್ಲಿ 90 ಜನರ ಪಟ್ಟಿ, ಋತು ಶುರುವಾಗುವಾಗ 53ಕ್ಕೆ ಇಳಿಯುತ್ತದೆ. ಯಾವ ತಂಡದ ಕರಾರಿಗೂ ಒಳಪಡದ ಆಟಗಾರನನ್ನು ‘ಫ್ರೀ ಏಜೆಂಟ್’ ಎಂದರೆ ದುಡ್ಡು ತೆಗೆದುಕೊಳ್ಳದ ಮಧ್ಯವರ್ತಿ ಎಂದು ಅರ್ಥವಾದೀತು. ಆಟಗಾರರ ಪರವಾಗಿ ಮಾತನಾಡುವ ನಿಜವಾದ ಏಜೆಂಟರೂ ಇದೇ ಲೇಖನದಲ್ಲಿ ಬರುತ್ತಾರೆ. ‘ಮುಕ್ತ ಆಟಗಾರ’ ಎಂದು ಬರೆದಿದ್ದೇನೆ. ಖಾತ್ರಿ ಸಂಬಳಕ್ಕೆ ‘ಖಾತ್ರಿ’ಯೇ ಸಾಕು, ಉದ್ಯೋಗ ಖಾತ್ರಿಯಿಂದ ಅದು ಮನೆಮಾತಾಗಿದೆ. ಬೋನಸ್ಸನ್ನು ಇನ್ನಷ್ಟು ದೂರ ಹಂಚಲೆಂದೇ ಕರಾರಿನ ಕೊನೆಗೆ ಸೇರಿಸುವ, ಆಟಗಾರ ಎಂದೂ ಆಡದ ವರ್ಷಗಳಿಗೆ ‘ನಾಮಕಾವಸ್ತೆ ವರ್ಷಗಳು’ ಎಂದು ಬರೆದಾಗ ನನಗೆ ತುಂಬಾ ಸಂತೋಷವಾಯಿತು. ಇಂಗ್ಲಿಷಿನಲ್ಲಿ ಇರುವ ಪದಕ್ಕಿಂತ ಅದು ಕೆಲಸವನ್ನು ಹೆಚ್ಚು ಚೆನ್ನಾಗಿ ಹೇಳುತ್ತದೆ. ಕರಾರು ಮುಗಿಯುವ ಆಟಗಾರನನ್ನು ಇನ್ನೊಂದು ವರ್ಷ ಉಳಿಸಿಕೊಳ್ಳಲು ತಂಡಕ್ಕಿರುವ ಹಕ್ಕಾದ ‘ಫ್ರಾಂಚೈಸ್ ಟ್ಯಾಗ್’ ಅನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ನನ್ನ ಪ್ರಶ್ನೆಗಳು ಎರಡು. ಬ್ಯಾಂಕು, ಸಹಕಾರ ಸಂಘ, ಖಜಾನೆಗಳಲ್ಲಿ ಕನ್ನಡದಲ್ಲೇ ಲೆಕ್ಕ ಬರೆದ ಹಿರಿಯರು ಇಲ್ಲಿದ್ದೀರಿ. ಒಮ್ಮೆ ಪಾವತಿಯಾಗಿ, ಹಲವು ವರ್ಷಗಳಿಗೆ ಹಂಚಿ ಖರ್ಚು ಹಾಕುವ ಮೊತ್ತದಲ್ಲಿ ಇನ್ನೂ ಖರ್ಚು ಹಾಕದೆ ಉಳಿದ ಭಾಗಕ್ಕೆ ನೀವು ಏನೆಂದು ಬರೆಯುತ್ತಿದ್ದಿರಿ? ‘ಸವಕಳಿ’ ಯಂತ್ರ–ಕಟ್ಟಡಗಳಿಗೆ ಸರಿ, ಮನುಷ್ಯನ ಕರಾರಿಗೆ ಹಾಕಲು ಮನಸ್ಸು ಹಿಂಜರಿಯುತ್ತದೆ.

ಇನ್ನೊಂದು ಕರಾವಳಿಯವರಿಗೆ. ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನಕ್ಕೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದು, ಮಳೆಗಾಲದಲ್ಲಿ ಕಲಾವಿದರು ಮುಂದಿನ ತಿರುಗಾಟಕ್ಕೆ ಯಾವ ಮೇಳ ಎಂದು ನಿಶ್ಚಯಿಸಿಕೊಳ್ಳುವ ಪದ್ಧತಿ ಉಂಟಲ್ಲ. ಒಂದು ಮೇಳದಿಂದ ಮುಂಗಡ ಪಡೆದ ಕಲಾವಿದ ಇನ್ನೊಂದು ಮೇಳ ಸೇರಿದರೆ, ಹಳೆಯ ಯಜಮಾನರ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಉಳಿಯುವ ಆ ಮೊತ್ತಕ್ಕೆ ಮೇಳದ ಮಾತಿನಲ್ಲಿ ಬೇರೆ ಹೆಸರೇನಾದರೂ ಇದೆಯೇ? ಇದ್ದರೆ, ಅದು ಕೊಟ್ಟ ಹಣವನ್ನು ಹೇಳುತ್ತದೆಯೋ ತೀರದ ಲೆಕ್ಕವನ್ನು ಹೇಳುತ್ತದೆಯೋ ಎಂಬುದನ್ನೂ ದಯವಿಟ್ಟು ತಿಳಿಸಿ.