ಇನ್ವರ್ಟರ್ ಹಾಕಿದ ಮೇಲೆ ಬೆಳಗ್ಗೆ ಲಾರಿ ಸ್ಟಾರ್ಟ್ ಆಗುತ್ತಿಲ್ಲ

ಹನ್ನೆರಡು ಗಾಲಿ, ಕಲಬುರಗಿ:
ಅಣ್ಣೋರೆ, ಸ್ವಲ್ಪ ಹೇಳಿ. ಸೇಡಂನಿಂದ ಸೋಲಾಪುರಕ್ಕೆ ಸಿಮೆಂಟ್ ಹೊಡೆಯುತ್ತೇನೆ. ಪಾಳಿ ಬರುವ ತನಕ ಒಂದೊಂದು ಸಲ ರಾತ್ರಿಯಿಡೀ ಗೇಟಿನಲ್ಲೇ ನಿಲ್ಲಬೇಕು. ನಮ್ಮ ಬಿಸಿಲು ಗೊತ್ತಲ್ವಾ, ಮೇ ತಿಂಗಳಲ್ಲಿ ನಡುರಾತ್ರಿಯಾದರೂ ಕ್ಯಾಬಿನ್ ತಗಡು ಆರುವುದಿಲ್ಲ. ಅದಕ್ಕೇ 12 ವೋಲ್ಟಿನ ಸಣ್ಣ ಇನ್ವರ್ಟರ್ ತಂದು ಒಂದು ಬ್ಯಾಟರಿಗೆ ಜೋಡಿಸಿ ಮನೆಯ ಟೇಬಲ್ ಫ್ಯಾನ್ ಹಚ್ಚಿದೆ. ಎರಡು ವಾರ ಆರಾಮ. ಈಗ ಮೂರು ಸಲ ಬೆಳಗ್ಗೆ ಸೆಲ್ಫ್ ಟಕ್ ಅಂದು ನಿಂತಿದೆ, ಪಕ್ಕದ ಗಾಡಿಯಿಂದ ವೈರ್ ಕೊಟ್ಟು ಎಬ್ಬಿಸಿದ್ದೇನೆ. 1000 ವ್ಯಾಟಿನದು ತಗೋ, ಅನ್ನ ಮಾಡುವ ಕುಕ್ಕರೂ ನಡೆಯುತ್ತದೆ ಅಂತ ಗೆಳೆಯ ಹೇಳುತ್ತಾನೆ. ದೊಡ್ಡದು ಹಾಕಿದರೆ ಸರಿ ಹೋಗುತ್ತದಾ?

ವೈಂಡಿಂಗ್ ಕಾಕಾ, ಹುಮನಾಬಾದ್:
ತಮ್ಮಾ, ಮೊದಲು ಅದನ್ನು ಬಿಚ್ಚು. ಲಾರಿ 24 ವೋಲ್ಟ್, 12ರ ಎರಡು ಬ್ಯಾಟರಿ ಒಂದರ ಬೆನ್ನಿಗೆ ಒಂದು. ನೀನು ಒಂದನ್ನೇ ಹಿಂಡುತ್ತಿದ್ದೀಯ, ಆದರೆ ಆಲ್ಟರ್ನೇಟರ್ ಎರಡಕ್ಕೂ ಒಟ್ಟಿಗೆ ಚಾರ್ಜ್ ಕೊಡುತ್ತದೆ. ಹಿಂಡಿದ್ದು ಎಂದೂ ತುಂಬುವುದಿಲ್ಲ, ಇನ್ನೊಂದು ಜಾಸ್ತಿ ಚಾರ್ಜ್ ಆಗಿ ನೀರು ಕುದಿಸಿಕೊಳ್ಳುತ್ತದೆ. ಎರಡೂ ಹಾಳು. ರಾತ್ರಿ ನಿಂತ ಗಾಡಿಯಲ್ಲಿ ಒಂದೊಂದನ್ನೂ ಮೀಟರಿನಲ್ಲಿ ನೋಡು, 12.6 ಇದ್ದರೆ ತುಂಬಿದೆ, 12.2 ಅಂದರೆ ಅರ್ಧ. ನೀರೂ ನೋಡು.

ಬೀದರ್ ಟ್ಯಾಂಕರ್:
ಕಾಕಾ ಹೇಳಿದ್ದು ಖರೆ. ಆದರೆ ಎಲ್ಲರೂ ಕುಕ್ಕರಿಗೆ ಹೆದರುತ್ತಾರೆ, ಬ್ಯಾಟರಿ ತಿನ್ನುವುದು ಫ್ಯಾನ್. ಲೆಕ್ಕ ಹಾಕಿ: 700 ವ್ಯಾಟಿನ ಕುಕ್ಕರ್ 24 ವೋಲ್ಟಿನಲ್ಲಿ ಸೋರಿಕೆ ಸೇರಿ ಸುಮಾರು 33 ಆಂಪ್ ಎಳೆಯುತ್ತದೆ, 20 ನಿಮಿಷಕ್ಕೆ 11 ಎಎಚ್ (ಆಂಪನ್ನು ತಾಸಿನಿಂದ ಗುಣಿಸಿದ್ದು). ಅದೂ ಎಂಜಿನ್ ನಡೆಯುವಾಗ ಹಚ್ಚಿದರೆ ಚಿಂತೆಯೇ ಇಲ್ಲ. 50 ವ್ಯಾಟಿನ ಫ್ಯಾನ್ 12 ವೋಲ್ಟಿನಲ್ಲಿ 5 ಆಂಪ್, ಎಂಟು ತಾಸಿಗೆ 40 ಎಎಚ್, ಅದೂ ಒಂದೇ ಬ್ಯಾಟರಿಯಿಂದ! ನಾನು 24 ವೋಲ್ಟಿನ ಡಿಸಿ ಫ್ಯಾನ್ ಹಾಕಿಸಿದ್ದೇನೆ, ನೇರ ಬ್ಯಾಟರಿಗೆ, ನಡುವೆ ಫ್ಯೂಸ್ ಇಟ್ಟು. 20 ವ್ಯಾಟ್ ಸಾಕು, ರಾತ್ರಿಗೆ 7 ಎಎಚ್ ಆಗುತ್ತದೆ ಅಷ್ಟೇ.

ಕುಕ್ಕರ್ ಬೇಕೇ ಬೇಕು ಅಂದರೆ 24 ವೋಲ್ಟಿನ 1000 ವ್ಯಾಟ್ ತಗೊಳ್ಳಿ. ಸಿಗರೇಟ್ ಲೈಟರ್ ಸಾಕೆಟಿಗೆ ಚುಚ್ಚಬೇಡಿ, ಕರಗುತ್ತದೆ. ಬ್ಯಾಟರಿಯಿಂದ ದಪ್ಪ ಕೇಬಲ್ ಎಳೆಸಿ, ಪ್ಲಸ್ ತುದಿಯಿಂದ ಒಂದು ಗೇಣಿನೊಳಗೇ ಫ್ಯೂಸ್ ಇರಲಿ, ಇನ್ವರ್ಟರ್ ಪಕ್ಕದಲ್ಲಿ ಇಟ್ಟರೆ ನಡುವಿನ ವೈರ್ ಉಜ್ಜಿ ಶಾರ್ಟ್ ಆದಾಗ ಏನು ಪ್ರಯೋಜನ? ಕ್ಯಾಬಿನ್ ಎತ್ತುವ ಕಡೆ ಕೇಬಲ್ ಸಡಿಲ ಬಿಡಿಸಿ. ನಮ್ಮವರು ಬಿಗಿಯಾಗಿ ಕಟ್ಟಿ, ಮೊದಲ ಸಲ ಕ್ಯಾಬಿನ್ ಎತ್ತಿದಾಗಲೇ ಕಿತ್ತು ಬಂತು.

ವೈಂಡಿಂಗ್ ಕಾಕಾ:
ಇನ್ನೊಂದು. 24 ವೋಲ್ಟಿನ ಸಸ್ತಾ ಇನ್ವರ್ಟರ್ ಪೀಂ ಅಂದು ಬಂದ್ ಆಗುವುದು 20-21 ವೋಲ್ಟಿಗೆ. ಅಷ್ಟರಲ್ಲಿ ಸೆಲ್ಫ್ ಹೊಡೆಯುವ ಶಕ್ತಿ ಮುಗಿದಿರುತ್ತದೆ. ಅದನ್ನು ನಂಬಬೇಡ. ಒಂದು ವೋಲ್ಟ್ ಮೀಟರ್ ಹಾಕಿಸಿಕೋ, 24.4ಕ್ಕೆ ಬಂದರೆ ನೀನೇ ಬಂದ್ ಮಾಡು.

ಹನ್ನೆರಡು ಗಾಲಿ:
ಈಗ ನೋಡಿದೆ ಕಾಕಾ. ಇನ್ವರ್ಟರ್ ಕಟ್ಟಿದ್ದು 11.9. ಇನ್ನೊಂದು 12.7 ತೋರಿಸುತ್ತದೆ, ಆದರೆ ಮುಚ್ಚಳ ತೆಗೆದರೆ ಪ್ಲೇಟು ಒಣಗಿ ಕಾಣುತ್ತಿದೆ. ಎರಡೂ ಬದಲಿಸಬೇಕಾ?

ವೈಂಡಿಂಗ್ ಕಾಕಾ:
ಬ್ಯಾಟರಿ ನೀರು ಹಾಕು, ನಲ್ಲಿ ನೀರಲ್ಲ ಮತ್ತೆ. ಸದ್ಯ ಪ್ಲೇಟು ಮುಳುಗುವಷ್ಟು ಮಾತ್ರ. ಎರಡನ್ನೂ ಬೇರೆ ಬೇರೆ ಚಾರ್ಜಿಗೆ ಇಡಿಸು, ಆಮೇಲೆ ಗೆರೆ ತನಕ ತುಂಬಿಸು. ಒಂದು ದಿನ ಬಿಟ್ಟು ಲೋಡ್ ಟೆಸ್ಟ್ ಮಾಡಿಸು. ಒಂದು ಸೋತರೆ ಎರಡನ್ನೂ ಜೋಡಿ ತಗೋ, ಹಳೆಯದರ ಜೊತೆ ಹೊಸದು ಕಟ್ಟಬೇಡ.

ಹನ್ನೆರಡು ಗಾಲಿ:
ಆಯ್ತು ಕಾಕಾ, ನಾಳೆಯೇ ಇಡಿಸುತ್ತೇನೆ. ಬೀದರ್ ಅಣ್ಣಾ, ಆ ಡಿಸಿ ಫ್ಯಾನ್ ಎಷ್ಟಕ್ಕೆ ಬಿತ್ತು?